ಜಾಮೀನಿಲ್ಲದವನಿಗೆ ಸೆರೆಮನೆ

2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ 4,36,266 ಮಂದಿಗೆ ಸ್ಥಳವಿತ್ತು; ಒಳಗಿದ್ದವರು 5,73,220. ಅವರಲ್ಲಿ ಮುಕ್ಕಾಲು ಪಾಲು ಜನರ ಅಪರಾಧ ಇನ್ನೂ ರುಜುವಾತಾಗಿರಲಿಲ್ಲ. ವಿಚಾರಣೆಗೆ ಕಾದವರನ್ನು ತುಂಬಿಟ್ಟುಕೊಂಡು, ಜಾಗ ಸಾಲದೆಂದು ಹೊಸ ಸೆರೆಮನೆ ಕಟ್ಟಹೊರಡುವುದು ಯಾವ ನ್ಯಾಯ?

ಉಳ್ಳವನು ಸಂಜೆಯೊಳಗೆ ಜಾಮೀನು ತಂದು ಮನೆ ಸೇರುತ್ತಾನೆ. ಗಿರಣಿಯ ಕೂಲಿಗಾರನಿಗೆ ನ್ಯಾಯಾಲಯ ಜಾಮೀನು ಮಂಜೂರು ಮಾಡಿದರೂ, ಹೊಣೆ ನಿಲ್ಲಲು ಪಹಣಿಯುಳ್ಳ ನೆಂಟನಿಲ್ಲ. ಅವನು ಒಳಗೇ ಕೊಳೆಯುತ್ತಾನೆ. ಹೊರಗೆ ಕೆಲಸ ಹೋಗುತ್ತದೆ, ದಿನಸಿ ಅಂಗಡಿಯ ಸಾಲ ಬೆಳೆಯುತ್ತದೆ. ಆ ಸಾಲ ಮುಳುಗುವುದೂ ನಮ್ಮ ಚಿಲ್ಲರೆ ವ್ಯಾಪಾರಿಗೇ.

ಇಂಥವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳ ನೆರವಿನ ಯೋಜನೆ ತಂದಿತು. ಮೊದಲ ನಿಯಮದಂತೆ ಜಾಮೀನಿಗೆ 40,000 ರೂಪಾಯಿವರೆಗೆ ಕೊಡಲು ಜಿಲ್ಲೆಗೊಂದು ಸಮಿತಿ: ಜಿಲ್ಲಾಧಿಕಾರಿ, ಪೊಲೀಸ್ ಸೂಪರಿಂಟೆಂಡೆಂಟ್, ಸೆರೆಮನೆಯ ಮುಖ್ಯಸ್ಥ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಒಬ್ಬ ನ್ಯಾಯಾಧೀಶ. ನಗರಸಭೆಗಾಗಲಿ ಪಂಚಾಯಿತಿಗಾಗಲಿ ಅದರಲ್ಲಿ ಜಾಗ ಕೊಡಲಿಲ್ಲ. ಕೈದಿಯ ಮನೆ ಯಾವ ಕೇರಿಯಲ್ಲಿದೆ, ಅವನು ಊರು ಬಿಟ್ಟು ಓಡುವವನೇ ಎಂಬುದನ್ನು ಬಲ್ಲವನು ವಾರ್ಡಿನ ಸದಸ್ಯ, ಕಚೇರಿಯ ಕಡತವಲ್ಲ.

ಸಮಿತಿ ತಿಂಗಳಿಗೊಮ್ಮೆಯಾದರೂ ಸೆರೆಮನೆಯಲ್ಲೇ ಕೂಡಲಿ. ನಗರಸಭೆ, ಪಂಚಾಯಿತಿಗಳು ಕೈದಿಯ ವಾಸದ ದೃಢೀಕರಣವನ್ನು ವಾರದೊಳಗೆ, ಕಾಸು ಕೇಳದೆ ಕೊಡಲಿ. ಮರಣದಂಡನೆ, ಜೀವಾವಧಿಯ ಆರೋಪಗಳನ್ನು ಬಿಟ್ಟು, ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲನ್ನು ಒಳಗೆ ಕಳೆದಿದ್ದರೆ ಅವನ ಬಿಡುಗಡೆಗೆ ನ್ಯಾಯಾಲಯಕ್ಕೆ ಬರೆಯುವುದು ಸೆರೆಮನೆಯ ಮುಖ್ಯಸ್ಥನ ಕರ್ತವ್ಯ. 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹಾಗೆ ಹೇಳುತ್ತದೆ. ಹೀಗೆ ಎಷ್ಟು ಅರ್ಜಿ ಹೋದವು, ಎಷ್ಟು ಮಂದಿ ಹೊರಬಂದರು ಎಂಬ ಲೆಕ್ಕವನ್ನು ಪ್ರತಿ ತಿಂಗಳೂ ನಗರಸಭೆಯ ಬಾಗಿಲಲ್ಲಿ ಅಂಟಿಸಬೇಕೆಂದು ನಾವು ಜಿಲ್ಲಾಧಿಕಾರಿಗಳನ್ನು ಒತ್ತಾಯಿಸುತ್ತೇವೆ.