ನಿಸ್ತಂತು ಗಿಟಾರೂ ತುಂಬಿದ ಸಭೆಯೂ

ಕಳೆದ ವರ್ಷ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಯೊಬ್ಬನ ನಿಸ್ತಂತು ಗಿಟಾರ್ ವಾದನದ ನಡುನಡುವೆ ಮೂಕವಾಯಿತು. ಮಧ್ಯಾಹ್ನ ಬರಿದಾದ ಸಭಾಂಗಣದಲ್ಲಿ ಅದೇ ವಾದ್ಯ ಸೊಗಸಾಗಿ ನುಡಿದಿತ್ತು. ಉಪಕರಣವೇ ಕಳಪೆಯೆಂದು ಎಲ್ಲರೂ ತೀರ್ಮಾನಿಸಿದರು. ನಾನು ಒಪ್ಪಲಾರೆ.

ಗಿಟಾರಿಗೆ ಸಿಕ್ಕಿಸುವ ಪುಟ್ಟ ಪ್ರೇಷಕವು ತಂತಿಗಳ ಕಂಪನದಿಂದ ಹುಟ್ಟಿದ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿ ಮಾರ್ಪಡಿಸಿ, ರೇಡಿಯೋ ಅಲೆಗಳ ಮೂಲಕ ಗ್ರಾಹಕಕ್ಕೆ ಕಳುಹಿಸುತ್ತದೆ. ಅಗ್ಗದ ಉಪಕರಣಗಳಲ್ಲಿ ಅನೇಕವು ಬಳಸುವ ಆವೃತ್ತಿ 2.4 ಗಿಗಾಹರ್ಟ್ಸ್, ಅಲೆಯುದ್ದ ಸುಮಾರು 12.5 ಸೆಂಟಿಮೀಟರ್. ನೀರಿನಂಶವೇ ಹೆಚ್ಚಾಗಿರುವ ನಮ್ಮ ದೇಹ ಈ ಅಲೆಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಸಾಲದುದಕ್ಕೆ ವೈಫೈ, ಬ್ಲೂಟೂತ್‌ಗಳ ಸಂಚಾರವೂ ಇದೇ ಪಟ್ಟಿಯಲ್ಲಿ. ಅಂದು ಗ್ರಾಹಕವಿದ್ದುದು ಸಭಾಂಗಣದ ಹಿಂಬದಿಯ ಮೇಜಿನ ಮೇಲೆ. ನಡುವೆ ಐನೂರು ಮಂದಿ, ಅವರ ಜೇಬುಗಳಲ್ಲಿ ಅಷ್ಟೇ ಫೋನುಗಳು! ಸಂಕೇತ ಮಧ್ಯದಲ್ಲಿ ಕಡಿದುದು ಆಶ್ಚರ್ಯವೇ?

ಗ್ರಾಹಕವು ವೇದಿಕೆಯ ಮೇಲೆಯೇ, ವಾದಕನ ಕಣ್ಣಿಗೆ ನೇರವಾಗಿ ಕಾಣುವಂತೆ ಇರತಕ್ಕದ್ದು. ಅಲ್ಲಿಂದ ಮುಂದಕ್ಕೆ ತಂತಿಯೆಳೆಯುವುದರಲ್ಲಿ ಅವಮಾನವೇನೂ ಇಲ್ಲ. ಪರೀಕ್ಷೆಯನ್ನು ಖಾಲಿ ಕೊಠಡಿಯಲ್ಲಿ ಮುಗಿಸಿ ನೆಮ್ಮದಿಪಡುವುದೂ ಸಲ್ಲದು.

ಕೆಲವರು ವಿಳಂಬದ ಮಾತೆತ್ತುತ್ತಾರೆ. ಉತ್ತಮ ಉಪಕರಣಗಳಲ್ಲಿ ಅದು ಕೆಲವೇ ಮಿಲಿಸೆಕೆಂಡುಗಳಷ್ಟು. ಶಬ್ದವು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕೆಂಬುದನ್ನು ವಾಚಕರು ನೆನೆಯಲಿ. ಧ್ವನಿವರ್ಧಕದಿಂದ ಎರಡು ಹೆಜ್ಜೆ ಹಿಂದೆ ಸರಿದರೂ ಅಷ್ಟೇ ತಡವಾಗುತ್ತದೆ. ಅದಕ್ಕೆ ಯಾವ ವಾದಕನೂ ದೂರಿದ್ದನ್ನು ನಾನು ಕೇಳಿಲ್ಲ.

ಈ ವರ್ಷ ಗ್ರಾಹಕವನ್ನು ವೇದಿಕೆಯ ಅಂಚಿನಲ್ಲಿ, ಎತ್ತರದ ಸ್ಟೂಲಿನ ಮೇಲಿರಿಸಿದೆವು. ಗಿಟಾರ್ ಕೊನೆಯವರೆಗೂ ನುಡಿಯಿತು. ಹುಡುಗನ ಚೀಲದಲ್ಲಿ ಆರು ಮೀಟರ್ ತಂತಿಯೂ ಇತ್ತೆನ್ನಿ.