ಆಕಾರ ಹೇಳದ ಗಟ್ಟಿತನ ನಂಬಬೇಡಿ ಸ್ವಾಮಿ!

ನಮ್ಮ ಮಲ್ಲಟದಿಂದ ಮಾನ್ವಿವರೆಗೆ ಯಾವ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಸಾಮಾನು ಕೇಳಿದರೂ ಒಂದೇ ಮಾತು, "ಒಡೆಯೋದೇ ಇಲ್ರೀ!" ಅಂಗಡಿಯವರನ್ನು ಬಿಡಿ, ಓದಿದ ನಾವೇನು ಕಮ್ಮಿ? ಎಲ್ಲಿಂದಲೋ ಒಂದು ಅಂಕಿ ಎತ್ತಿ ತಂದು "ಈ ಪ್ಲಾಸ್ಟಿಕ್ಕಿನ ಇಂಪ್ಯಾಕ್ಟ್ ಸ್ಟ್ರೆಂತ್ ಇಷ್ಟು" ಅಂತ ಬ್ಲಾಗಿನಲ್ಲಿ ಬರೆದುಬಿಡ್ತೀವಿ. ಎಂಥ ತುಂಡನ್ನು ಮುರಿದಾಗ ಬಂದ ಅಂಕಿ ಅದು? ಯಾರೂ ಕೇಳೋದಿಲ್ಲ. ನನ್ನ ತಕರಾರು ಇಷ್ಟೇ: ಆಕಾರ ಹೇಳದ ಅಂಕಿ ಅಂಕಿಯೇ ಅಲ್ಲ.

ಬಟ್ಟೆ ಅಂಗಡಿಯವನು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಸರ್ರಂತ ಹರಿಯೋದು ನೋಡಿದ್ದೀರಲ್ಲ? ಬಟ್ಟೆ ಅದೇ, ಕೈ ಅದೇ. ಎಳೆತವೆಲ್ಲ ಕಚ್ಚಿನ ತುದಿಗೆ ಬಂದು ಸೇರಿತು, ಅಷ್ಟೇ. ಪಾಲಿಸ್ಟೈರೀನ್, ಅಕ್ರಿಲಿಕ್‌ನಂಥ ಪೆಡಸು ಪ್ಲಾಸ್ಟಿಕ್ಕಿಗೆ ಆ ತುದಿಯಲ್ಲಿ ಮಣಿದು ಸುಧಾರಿಸಿಕೊಳ್ಳೋ ಗುಣ ತೀರಾ ಕಡಿಮೆ. ಬಿರುಕು ಓಡಿಯೇಬಿಡುತ್ತದೆ.

ಅದಕ್ಕೇ ಐಜಾಡ್ ಪರೀಕ್ಷೆಯಲ್ಲಿ ಕಚ್ಚಿನ ಅಳತೆಯನ್ನೂ ಗೊತ್ತುಮಾಡಿದ್ದಾರೆ. ಐಎಸ್ಒ 180ರ ಪ್ರಕಾರ ತುಂಡು 80×10×4 ಮಿ.ಮೀ., ಕಚ್ಚಿನ ತುದಿಯ ತ್ರಿಜ್ಯ 'ಎ' ಬಗೆಗೆ 0.25 ಮಿ.ಮೀ., 'ಬಿ' ಬಗೆಗೆ 1 ಮಿ.ಮೀ. ಇವೆರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಶುದ್ಧ ತಪ್ಪು. "ದಪ್ಪ ಇದ್ದರೆ ಗಟ್ಟಿ" ಅನ್ನೋರಿಗೆ ಪಾಲಿಕಾರ್ಬೊನೇಟ್ ತೋರಿಸಿ. ಕಚ್ಚು ಹಾಕಿದ 3.2 ಮಿ.ಮೀ. ತುಂಡು ಬಾಗಿ ಹೊಡೆತ ತಿನ್ನುತ್ತದೆ, 6.4 ಮಿ.ಮೀ. ತುಂಡು ಗಾಜಿನ ಹಾಗೆ ಪಟ್ ಅನ್ನುತ್ತದೆ! ದಪ್ಪ ತುಂಡಿನ ನಡುಭಾಗಕ್ಕೆ ಪಕ್ಕದಿಂದ ಕುಗ್ಗಲು ಆಸ್ಪದವಿಲ್ಲ. ಕುಗ್ಗದಿದ್ದರೆ ಮಣಿಯುವುದೂ ಇಲ್ಲ.

"ಚೂಪು ಬಿರುಕಿಟ್ಟು ಫ್ರ್ಯಾಕ್ಚರ್ ಟಫ್‌ನೆಸ್ ಅಳೆದರಾಯ್ತು, ಅದು ವಸ್ತುವಿನ ಗುಣ" ಅಂತ ಪಠ್ಯಪುಸ್ತಕದವರು ವಾದಿಸಬಹುದು. ಬಿರುಕಿನ ಎರಡು ದಡ ಒಂದರ ಮೇಲೊಂದು ಜಾರುವಂತೆ ಭಾರ ಹಾಕಿ ನೋಡಲಿ. ಅದೇ ಅಕ್ರಿಲಿಕ್, ಪೂರ್ತಿ ಬಿಲ್ಲೆಯಲ್ಲಿ ಹೆಚ್ಚು ಅಂಕಿ ಕೊಡುತ್ತದೆ, ಅರ್ಧ ಬಿಲ್ಲೆಯಲ್ಲಿ ಕಡಿಮೆ. ಬಿರುಕಿನ ಗುಂಟ ಇರುವ ಒತ್ತಡ ಮೊದಲನೆಯದರಲ್ಲಿ ಅದುಮುತ್ತದೆ, ಎರಡನೆಯದರಲ್ಲಿ ಎಳೆಯುತ್ತದೆ. ಈಗ ಹೇಳಿ, ಯಾವುದು "ವಸ್ತುವಿನ ಗುಣ"?

ಹೊಲಕ್ಕೆ ಪಿವಿಸಿ ಪೈಪು ಹಾಕಿಸುವ ರೈತನಿಗೆ ಇದರಿಂದ ಏನಾಗಬೇಕು ಅಂತೀರಾ? ಐಎಸ್ 4985 ಹೊಡೆತದ ಪರೀಕ್ಷೆಯನ್ನು ಪೈಪಿನ ತುಂಡಿನ ಮೇಲೆಯೇ ಮಾಡಿಸುತ್ತದೆ, ಅದೂ 0 ಡಿಗ್ರಿಯಲ್ಲಿ. ಬಳಸುವ ಆಕಾರವನ್ನೇ ಹೊಡೆದು ನೋಡುವುದು ಜಾಣತನ. ಪೈಪಿನ ಮೇಲೆ ಆ ಗುರುತು ಹುಡುಕಿ, ಕರಪತ್ರದ ಅಂಕಿಯನ್ನಲ್ಲ.

ಯಾವ ಮಷೀನಿನಲ್ಲಿ ಓಡಿಸಿದ್ದು ಅಂತ ಹೇಳದ ಬೆಂಚ್‌ಮಾರ್ಕನ್ನು ನಾವು ಸಾಫ್ಟ್‌ವೇರಿನವರು ನಂಬುತ್ತೇವಾ? ಇಲ್ಲೂ ಅಷ್ಟೇ. ಇನ್ನು ಮುಂದೆ ಗಟ್ಟಿತನದ ಅಂಕಿ ಬರೆಯುವವರು ದಪ್ಪ, ಕಚ್ಚು, ಉಷ್ಣತೆ ಮೂರನ್ನೂ ಬರೆಯಲಿ. ಇಲ್ಲದಿದ್ದರೆ ಬರೆಯದೇ ಇರಲಿ. ಏನಂತೀರಿ? :)