ನಿಂತ ಭತ್ಯೆಗೆ ಕಾರಣ ಹೇಳುವವರು ಯಾರು?

ಬೇಳೆ ಗಿರಣಿಯಲ್ಲಿ ವಾರದ ಪಗಾರಕ್ಕೆ ಐವತ್ತು ರೂಪಾಯಿ ಕತ್ತರಿ ಬಿದ್ದರೆ ನಮ್ಮ ಹಮಾಲ ಬಂಧು ಸುಮ್ಮನೆ ಮನೆಗೆ ಹೋಗುವುದಿಲ್ಲ. ಮುನೀಮನ ಎದುರಿಗೆ ನಿಂತು "ಯಾಕ ಕಡದೀರಿ?" ಎಂದು ಕೇಳುತ್ತಾನೆ. ಮುನೀಮನೂ ಏನಾದರೊಂದು ಉತ್ತರ ಕೊಡಲೇಬೇಕಾಗುತ್ತದೆ. ಆದರೆ ಅದೇ ಹಮಾಲನ ಮಗಳು ಬಿ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿರುವಾಗ, ಅವಳಿಗೆ ಸರಕಾರದಿಂದ ಬರುವ ಭತ್ಯೆ ಇದ್ದಕ್ಕಿದ್ದಂತೆ ನಿಂತರೆ ಅವಳು ಯಾರ ಎದುರಿಗೆ ನಿಲ್ಲಬೇಕು?

ಯುವನಿಧಿಯ ಮಾತು ಹೇಳುತ್ತಿದ್ದೇನೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಇದಕ್ಕೆ ಚಾಲನೆ ಕೊಟ್ಟರು. ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಇದು ಸಲ್ಲುತ್ತದೆ. ಹೆಚ್ಚೆಂದರೆ ಎರಡು ವರ್ಷ. ನಿರುದ್ಯೋಗದ ಕಾಲದಲ್ಲಿ ರಾಜ್ಯವು ತನ್ನ ಶಕ್ತಿಯಿದ್ದಷ್ಟು ನೆರವು ಕೊಡಬೇಕೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. ಹೀಗಿರುವಾಗ ಇದನ್ನು ದಾನವೆಂದು ಕರೆಯುವವರು ಮೊದಲು ಆ ವಿಧಿಯನ್ನು ಓದಲಿ.

ಔರಾದ ತಾಲೂಕಿನ ಒಬ್ಬ ಹುಡುಗಿ, ನನ್ನ ಕೈಯಲ್ಲಿ ಮಗ್ಗಿ ಕಲಿತವಳು, ಈಚೆಗೆ ಬಂದು "ಸರ, ಎರಡು ತಿಂಗಳಾತು, ರೊಕ್ಕ ಬಂದಿಲ್ಲ. ನಾ ಏನ್ ತಪ್ಪ ಮಾಡೀನ್ರಿ?" ಎಂದಳು. ಸುಮಾರು 40 ಕಿಲೋಮೀಟರು ದೂರದ ಬೀದರಿಗೆ ಎರಡು ಸಲ ಬಂದು ಹೋಗಿದ್ದಳು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿಯಿತು, ದಿನಗಳು ಉಳಿಯಲಿಲ್ಲ. ಒಂದು ಮೇಜಿನವರು ಬ್ಯಾಂಕಿಗೆ ಹೋಗೆಂದರು, ಬ್ಯಾಂಕಿನವರು ಬೆಂಗಳೂರಿನ ಕಡೆ ಬೆರಳು ತೋರಿಸಿದರು. ಇತ್ತ ಊರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತಿತ್ತು. ಕಡೆಗೆ ತಿಳಿದದ್ದೇನು? ನಡುವೆ ಅವಳು ಮತ್ತೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಳು. ಇಂಥ ಹಣ ಆಧಾರಕ್ಕೆ ಕಡೆಯದಾಗಿ ಜೋಡಿಸಿದ ಖಾತೆಗೆ ಹೋಗಿ ಬೀಳುತ್ತದೆ. ಎರಡೂ ತಿಂಗಳ ರೊಕ್ಕ ಹೊಸ ಖಾತೆಯಲ್ಲಿ ತಣ್ಣಗೆ ಕುಳಿತಿತ್ತು! ಎರಡು ಸಾಲಿನಲ್ಲಿ ಹೇಳಬಹುದಾದ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಭಾಲ್ಕಿಯ ಹುಡುಗನದು ಬೇರೆ ಕಥೆ. ಅವನ ಭತ್ಯೆ ನಿಜವಾಗಿಯೇ ನಿಂತಿತ್ತು. ತನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದಿನ ಓದಿಗೂ ಸೇರಿಲ್ಲ ಎಂದು ಫಲಾನುಭವಿ ಸೇವಾಸಿಂಧುವಿನಲ್ಲಿ ಸ್ವಯಂ ಘೋಷಣೆ ಸಲ್ಲಿಸಬೇಕು. ಯೋಜನೆ ಹುಟ್ಟಿದಾಗ ಇದಕ್ಕೆ ಪ್ರತಿ ತಿಂಗಳ 25ನೆಯ ತಾರೀಖು ಗಡುವಾಗಿತ್ತು. ಇವನು ಜ್ವರದಿಂದ ಮಲಗಿದ್ದಾಗ ಗಡುವು ದಾಟಿತು. ಗಡುವು ತಿಂಗಳಿಗೊಮ್ಮೆ ಇರಲಿ, ಮೂರು ತಿಂಗಳಿಗೊಮ್ಮೆ ಇರಲಿ, ನಮ್ಮ ತಕರಾರು ಅದರ ಮೇಲಲ್ಲ. ತಪ್ಪಿದವನಿಗೆ ಒಂದು ಮಾತು ಕೇಳದೆ ಹಣ ನಿಲ್ಲಿಸುವುದು ಯಾವ ನ್ಯಾಯ?

ಕೆಲಸ ಸಿಕ್ಕವರೂ ಹಣ ಎಣಿಸುತ್ತಾರೆ, ತಪಾಸಣೆ ಬೇಡವೇ ಎಂದು ಕೆಲವು ವ್ಯಾಪಾರಿ ಮಿತ್ರರು ಕೇಳುತ್ತಾರೆ. ಬೇಕು, ಖಂಡಿತ ಬೇಕು. ಸುಳ್ಳು ಹೇಳಿದವನಿಂದ ವಸೂಲು ಮಾಡಲಿ. ಆದರೆ ಗಿರಣಿ ಕಾರ್ಮಿಕರು ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿಯೇ, ಕಾರಣ ಹೇಳಿಕೊಳ್ಳಲು ಅವಕಾಶ ಕೊಡದೆ ಕೆಲಸಗಾರನಿಗೆ ದಂಡ ಹಾಕಕೂಡದೆಂದು ಬರೆದಿತ್ತು. (ಆಗ ನಮ್ಮ ಬೀದರು ನಿಜಾಮನ ಕೈಯಲ್ಲಿತ್ತು, ಆ ಮಾತು ಬಿಡಿ.) ಬ್ರಿಟಿಷರ ಕಾಲದಲ್ಲಿ ಧನಿಗೆ ಹಾಕಿದ ಕಟ್ಟಳೆ ಇಂದು ನಮ್ಮದೇ ಸರಕಾರಕ್ಕೆ ಭಾರವಾಗಬೇಕೆ? ಭತ್ಯೆ ನಿಲ್ಲಿಸುವ ಮುಂಚೆ ಕಾರಣವನ್ನು ಕನ್ನಡದಲ್ಲಿ ಬರೆದು ತಿಳಿಸಲಿ, ಸರಿಪಡಿಸಿಕೊಳ್ಳಲು ಹದಿನೈದು ದಿನ ಕೊಡಲಿ. ಅರ್ಹನೆಂದು ತಿಳಿದ ಮೇಲೆ ನಿಂತ ತಿಂಗಳುಗಳ ಬಾಕಿಯನ್ನೂ ಕೊಡಲಿ. ಇರುವುದೇ ಎರಡು ವರ್ಷ. ಅದರಲ್ಲಿ ನಾಲ್ಕು ತಿಂಗಳು ಕೈತಪ್ಪಿದರೆ ಆರರಲ್ಲಿ ಒಂದು ಪಾಲು ಹೋದಂತೆ. ಆ ರೊಕ್ಕ ಕಡೆಗೆ ಬರುವುದು ನಮ್ಮ ಕಿರಾಣಿ, ಬಟ್ಟೆ ಅಂಗಡಿಗಳ ಗಲ್ಲೆಗೇ ಅಲ್ಲವೇ? ಆದ್ದರಿಂದ ಇದು ವ್ಯಾಪಾರಿಗಳ ಪ್ರಶ್ನೆಯೂ ಹೌದು.

ಅಲ್ಲಿಯವರೆಗೆ ಕೈಕಟ್ಟಿ ಕೂಡುವುದು ಬೇಡ. ಆಧಾರ ಯಾವ ಖಾತೆಗೆ ಜೋಡಣೆಯಾಗಿದೆಯೆಂದು ಮೊದಲು ಬ್ಯಾಂಕಿನಲ್ಲಿ ಕೇಳಿರಿ. ಅರ್ಧ ತಂಟೆ ಅಲ್ಲಿಯೇ ಬಗೆಹರಿಯಬಹುದು. ಘೋಷಣೆ ಸಲ್ಲಿಸಿದಾಗಲೆಲ್ಲ ಅದರ ಪ್ರತಿ ತೆಗೆದಿಟ್ಟುಕೊಳ್ಳಿರಿ. ಬಾಯಿಮಾತಿನಲ್ಲಿ ಕೇಳಿದವನಿಗೆ ಬಾಯಿಮಾತಿನ ಉತ್ತರ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಬರೆಯಲು ಬಾರದಿದ್ದರೆ ಕಾಗದಪತ್ರ ಹಿಡಿದು ನಮ್ಮ ಹತ್ತಿರ ಬರ್ರಿ. ಭಾಲ್ಕಿಯ ಹುಡುಗನ ಅರ್ಜಿಯನ್ನು ಕಳೆದ ಸೋಮವಾರ ಸಲ್ಲಿಸಿದ್ದೇವೆ. ಸ್ವೀಕೃತಿ ಚೀಟಿ ಅವನ ಜೇಬಿನಲ್ಲಿದೆ, ಉತ್ತರ ಇನ್ನೂ ಬರಬೇಕು.